ಹಿತ್ತಲಿನಲ್ಲಿ ಮೊದಲ ನಾಲ್ಕು ಕೋಳಿ: ನಗರದ ಸಣ್ಣ ಜಾಗಕ್ಕೊಂದು ಸಮಗ್ರ ಮಾರ್ಗದರ್ಶಿ

ಕೋಳಿಗೂಡಿನ ನೆಲದಿಂದ ಒಂದು ಹಿಡಿ ಹಾಸು, ಅಂದರೆ ನೆಲಕ್ಕೆ ಹರಡಿದ ಹೊಟ್ಟು, ತೆಗೆದುಕೊಳ್ಳಿ. ಮುಷ್ಟಿ ಬಿಗಿಯಾಗಿ ಹಿಸುಕಿ, ಕೈ ಬಿಚ್ಚಿ. ಬೆರಳ ಸಂದಿಯಿಂದ ಪುಡಿಯಾಗಿ ಉದುರಿದರೆ ಒಳ್ಳೆಯದು. ಉಂಡೆ ಕಟ್ಟಿಕೊಂಡು ಅಂಗೈಯಲ್ಲೇ ಕೂತರೆ ಆ ಹಾಸನ್ನು ಅವತ್ತೇ ಬದಲಿಸಬೇಕು. ಹೊಸದಾಗಿ ಕೋಳಿ ಸಾಕುವವರು ಬಂದು ಕೇಳಿದಾಗ ನಾನು ಮೊದಲು ತೋರಿಸಿಕೊಡುವುದು ಇದನ್ನೇ. ಕೆಟ್ಟ ವಾಸನೆ, ನೊಣ, ಪಕ್ಕದ ಮನೆಯವರ ದೂರು, ಮರಿಗಳ ರಕ್ತಭೇದಿ, ಪಾದದ ಬಾವು, ಕೊಳಕು ಮೊಟ್ಟೆ ಇವೆಲ್ಲದರ ಬೇರು ಹುಡುಕುತ್ತಾ ಹೋದರೆ ಬಹಳ ಸಲ ಸಿಗುವುದು ಒದ್ದೆ ನೆಲ. ಬಯಲಲ್ಲಿ ಮೇಯುವ ಕೋಳಿ ತನ್ನ ಹಿಕ್ಕೆಯನ್ನು ದೊಡ್ಡ ಜಾಗಕ್ಕೆ ಹಂಚಿಬಿಡುತ್ತದೆ, ಬಿಸಿಲು ಗಾಳಿ ಅದನ್ನು ಒಣಗಿಸುತ್ತವೆ. ನಗರದ ಹಿತ್ತಲಲ್ಲಿ ಅದೇ ಹಿಕ್ಕೆ ದಿನವೂ ಅದೇ ಕೆಲವು ಅಡಿ ಜಾಗದಲ್ಲಿ ಬೀಳುತ್ತದೆ. ಹಾಗಾಗಿ ಇಲ್ಲಿ ಕೋಳಿ ಸಾಕುವುದೆಂದರೆ ಮುಖ್ಯವಾಗಿ ನೆಲ ಒಣಗಿಡುವ ಕೆಲಸ. ಮುಂದೆ ಗೂಡಿನ ಬಗ್ಗೆಯೇ ಹೆಚ್ಚು ಬರೆದಿರುವುದು ಅದಕ್ಕೇ.

ಕೋಳಿ ತರುವ ಮುನ್ನ

ಮೊದಲ ಹೆಜ್ಜೆ, ನಿಮ್ಮ ನಗರಾಡಳಿತದ ನಿಯಮ ಓದುವುದು. ಕೆಲವು ಕಡೆ ಕೋಳಿ ಸಾಕಣೆಗೇ ಅನುಮತಿ ಇರುವುದಿಲ್ಲ. ಕೆಲವು ಕಡೆ ಎಷ್ಟು ಕೋಳಿ ಎಂಬುದಕ್ಕೆ ಮಿತಿ, ನೆರೆಮನೆಯಿಂದ ಗೂಡು ಎಷ್ಟು ದೂರ ಇರಬೇಕೆಂಬ ಅಳತೆ, ಹುಂಜ ಇಡಬಾರದೆಂಬ ಷರತ್ತು ಇರುತ್ತದೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಕೋಳಿಗಳು ಬಂದು ಮನೆಮಂದಿಯೆಲ್ಲ ಅವುಗಳನ್ನು ಹಚ್ಚಿಕೊಂಡ ಮೇಲೆ ಕೊಟ್ಟುಬಿಡಬೇಕಾಗಿ ಬಂದರೆ ತುಂಬಾ ನೋವಾಗುತ್ತದೆ.

ಅಕ್ಕಪಕ್ಕದವರಿಗೆ ಗೂಡು ಕಟ್ಟುವ ಮೊದಲೇ ಹೇಳಿ. ಹೇಂಟೆಗಳೂ ಸದ್ದು ಮಾಡುತ್ತವೆ; ಮೊಟ್ಟೆ ಇಟ್ಟ ಮೇಲೆ ಕೆಲವು ನಿಮಿಷ ಜೋರಾಗಿಯೇ ಕೊಕ್ಕೊಕ್ಕೊ ಎನ್ನುತ್ತವೆ. ಇದನ್ನು ಮುಂಚೆಯೇ ತಿಳಿಸಿದ್ದರೆ ಯಾರೂ ಬೇಸರಿಸಿಕೊಳ್ಳುವುದಿಲ್ಲ. ನೀವು ಊರಿಗೆ ಹೋದಾಗ ಕೋಳಿ ನೋಡಿಕೊಳ್ಳುವವರು ಯಾರು ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಆ ಸಹಾಯ ಸಾಮಾನ್ಯವಾಗಿ ಪಕ್ಕದ ಮನೆಯಿಂದಲೇ ಬರುತ್ತದೆ.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ: ನೆಲದಲ್ಲಿರುವ ಸೀಸವೆಂಬ ವಿಷಲೋಹ. ಹಳೆಯ ಕಟ್ಟಡಗಳ ಬಣ್ಣ ಉದುರಿದ ಜಾಗ, ಗ್ಯಾರೇಜ್ ಇದ್ದ ಜಾಗ, ಹಳೇ ಬ್ಯಾಟರಿ ಬಿಸಾಡಿದ ಜಾಗದ ಮಣ್ಣಿನಲ್ಲಿ ಸೀಸ ಉಳಿದಿರುತ್ತದೆ. ಕೋಳಿ ದಿನವಿಡೀ ಮಣ್ಣು ಕೆದರಿ ತಿನ್ನುವ ಹಕ್ಕಿ. ಆ ಸೀಸ ಅದರ ಮೈ ಸೇರಿ ಮೊಟ್ಟೆಗೂ ಬರುತ್ತದೆ, ಮೊಟ್ಟೆಯಿಂದ ಮಕ್ಕಳಿಗೆ. ಅನುಮಾನವಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಇಲ್ಲವೇ ಅಂಗಳಕ್ಕೆ ಬೇರೆ ಕಡೆಯ ಒಳ್ಳೆಯ ಮಣ್ಣನ್ನು ದಪ್ಪಗೆ ಹಾಕಿಸಿ, ಆಹಾರವನ್ನು ನೆಲಕ್ಕೆ ಎರಚದೆ ಪಾತ್ರೆಯಲ್ಲೇ ಕೊಡಿ.

ಎಷ್ಟು ಕೋಳಿ? ಮೊದಲ ಸಲಕ್ಕೆ ಮೂರು ಅಥವಾ ನಾಲ್ಕು. ಒಂದೇ ಕೋಳಿಯನ್ನು ತರಲೇಬೇಡಿ. ಗುಂಪಿನಲ್ಲಿ ಬದುಕುವ ಪ್ರಾಣಿ ಅದು, ಒಂಟಿಯಾದರೆ ಕೊರಗುತ್ತದೆ. ಎರಡನ್ನೇ ತಂದರೆ ಒಂದು ಸತ್ತ ದಿನ ಇನ್ನೊಂದು ಒಂಟಿಯಾಗುತ್ತದೆ. ಚೆನ್ನಾಗಿ ಇಡುವ ತಳಿಯ ನಾಲ್ಕು ಹೇಂಟೆಗಳು ಮೊದಲ ವರ್ಷದಲ್ಲಿ ದಿನಕ್ಕೆ ಸರಾಸರಿ ಮೂರು ಮೊಟ್ಟೆ ಕೊಡುತ್ತವೆ, ಒಂದು ಸಣ್ಣ ಮನೆಗೆ ಅಷ್ಟು ಸಾಕು.

ಹುಂಜದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹುಂಜ ಕೂಗದಿದ್ದರೂ ಬೆಳಗಾಗುತ್ತದೆ, ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಮಾಡಿಸಬೇಕಿದ್ದರೆ ಮಾತ್ರ ಹುಂಜ ಬೇಕು. ನಗರದಲ್ಲಿ ಬೇಡ.

ಗೂಡು: ಕೋಳಿಗಿಂತ ಮೊದಲು ಇದು ಮುಗಿದಿರಬೇಕು

ಜಾಗ ಆರಿಸುವಾಗ ಜೋರು ಮಳೆ ಬಂದ ದಿನ ಹಿತ್ತಲಿಗೆ ಹೋಗಿ ನಿಂತು ನೋಡಿ. ನೀರು ನಿಲ್ಲುವ ಮೂಲೆ ಎಷ್ಟೇ ಅನುಕೂಲವಾಗಿ ಕಂಡರೂ ಅಲ್ಲಿ ಗೂಡು ಬೇಡ. ಸ್ವಲ್ಪ ಎತ್ತರದ, ಬೆಳಗಿನ ಎಳೆಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಜಾಗ ಉತ್ತಮ. ಬೇರೆ ಜಾಗವೇ ಇಲ್ಲದಿದ್ದರೆ ಮಣ್ಣು ಏರಿಸಿ ನೆಲವನ್ನು ಅರ್ಧ ಅಡಿ ಎತ್ತರಿಸಿ.

ಅಳತೆ ಹೀಗಿರಲಿ. ರಾತ್ರಿ ಮಲಗುವ ಗೂಡಿನೊಳಗೆ ಒಂದು ಕೋಳಿಗೆ ಕನಿಷ್ಠ 4 ಚದರ ಅಡಿ, ಹಗಲು ಓಡಾಡುವ ಬಲೆ ಹಾಕಿದ ಅಂಗಳದಲ್ಲಿ 10 ಚದರ ಅಡಿ. ಅಂದರೆ ನಾಲ್ಕು ಕೋಳಿಗೆ 4 ಅಡಿ ಉದ್ದ, 4 ಅಡಿ ಅಗಲದ ಗೂಡು, ಅದಕ್ಕೆ ಹೊಂದಿಕೊಂಡು 40 ಚದರ ಅಡಿಯ ಅಂಗಳ. ಇದಕ್ಕಿಂತ ಇಕ್ಕಟ್ಟಾದರೆ ಒಂದರ ಗರಿ ಇನ್ನೊಂದು ಕೀಳಲು ಶುರುಮಾಡುತ್ತದೆ. ಆ ಚಟ ಒಮ್ಮೆ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಸಾಧ್ಯವಿದ್ದರೆ ಅಂಗಳದ ಮೇಲೂ ಮಾಡು ಹಾಕಿಸಿ. ಇಡೀ ಗೂಡಿನಲ್ಲಿ ನೀವು ಹಾಕುವ ಹಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಆ ಮಾಡು. ಮಾಡಿನ ನೀರು ಅಂಗಳದೊಳಗೆ ಬೀಳದೆ ಹೊರಗೆ ಹರಿದು ಹೋಗುವಂತೆ ಇಳಿಜಾರು ಕೊಡಿಸಿ.

ಇನ್ನು ಬಲೆ. ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ತೆಳು ತಂತಿಯ ಬಲೆ ಕೋಳಿಯನ್ನು ಒಳಗಿಡಲು ಸಾಕು, ಹೊರಗಿನ ಪ್ರಾಣಿಯನ್ನು ತಡೆಯಲು ಸಾಲದು. ಇದು ನನಗೆ ಒಂದು ಹೇಂಟೆಯನ್ನು ಕಳೆದುಕೊಂಡ ಮೇಲೆ ತಿಳಿಯಿತು. ರಾತ್ರಿ ಅದು ಬಲೆಗೆ ಒರಗಿ ಮಲಗಿತ್ತು. ಬೆಳಗ್ಗೆ ನೋಡಿದರೆ ಬಲೆ ಹರಿದಿರಲಿಲ್ಲ, ಬಾಗಿಲು ತೆರೆದಿರಲಿಲ್ಲ. ಬಲೆಯ ಕಣ್ಣಿನ ತೂತಿನಿಂದಲೇ ಯಾವುದೋ ಪ್ರಾಣಿ ಉಗುರು ಹಾಕಿ ರೆಕ್ಕೆ ಎಳೆದಿತ್ತು. ಬಲೆಯ ಹೊರಗೆ ಗರಿ ಬಿದ್ದಿತ್ತು, ಒಳಗೆ ಕೋಳಿ ಬಿದ್ದಿತ್ತು. ಅವತ್ತಿನಿಂದ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಕಬ್ಬಿಣದ ಜಾಲರಿ ಬಿಟ್ಟು ಬೇರೆ ಏನನ್ನೂ ನಾನು ಬಳಸುವುದಿಲ್ಲ. ಜಾಲರಿಯನ್ನು ನೆಲದಡಿ ಒಂದು ಅಡಿ ಹೂಳಿ, ಅಥವಾ ಗೂಡಿನ ಸುತ್ತ ಹೊರಮುಖವಾಗಿ ಒಂದು ಅಡಿ ಮಡಚಿ ನೆಲಕ್ಕೆ ಹಾಸಿ ಕಲ್ಲು ಹೇರಿ. ಹೆಗ್ಗಣ, ನಾಯಿ, ನರಿ ಬುಡದಲ್ಲೇ ಅಗೆಯುತ್ತವೆ. ಜಾಲರಿ ಸಿಕ್ಕಿದರೆ ಹೆಚ್ಚಾಗಿ ಬಿಟ್ಟು ಹೋಗುತ್ತವೆ. ಹದ್ದು, ಬೆಕ್ಕು ಮೇಲಿನಿಂದ ಬರುತ್ತವೆ, ಆದ್ದರಿಂದ ಅಂಗಳದ ಮೇಲ್ಭಾಗವೂ ಮುಚ್ಚಿರಲಿ. ಬಾಗಿಲಿಗೆ ಚಿಲಕ ಹಾಕಿ, ಚಿಲಕಕ್ಕೊಂದು ಕೊಂಡಿಯನ್ನೂ ಹಾಕಿ.

ಗಾಳಿಯ ವಿಷಯದಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಚಳಿಯಾಗುತ್ತದೆಂದು ಗೂಡನ್ನು ಪೆಟ್ಟಿಗೆಯಂತೆ ಮುಚ್ಚಿಬಿಡುತ್ತಾರೆ. ಕೋಳಿಗೆ ಗರಿಯ ಹೊದಿಕೆ ಇದೆ, ಒಣ ಚಳಿಯನ್ನು ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ಅದು ತಡೆಯದಿರುವುದು ತೇವ ಮತ್ತು ಹಿಕ್ಕೆಯಿಂದೇಳುವ ಅಮೋನಿಯ. ಕೂತ ಕೋಳಿಯ ತಲೆಗಿಂತ ಮೇಲೆ, ಎದುರುಬದುರು ಗೋಡೆಗಳಲ್ಲಿ ಜಾಲರಿ ಹಾಕಿದ ಗಾಳಿಕಿಂಡಿ ಇರಲಿ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಬಗ್ಗಿ, ಕೋಳಿಯ ಎತ್ತರಕ್ಕೆ ಮೂಗು ತಂದು ಉಸಿರೆಳೆದು ನೋಡಿ. ಕಣ್ಣು ಉರಿದರೆ ಅಥವಾ ಮೂಗಿಗೆ ಖಾರ ಹತ್ತಿದರೆ ಅವು ರಾತ್ರಿಯಿಡೀ ಅದನ್ನೇ ಉಸಿರಾಡಿವೆ ಎಂದರ್ಥ.

ಕೂರುವ ಕೋಲು ಸುಮಾರು 2 ಇಂಚು ಅಗಲವಿರಲಿ, ಅಂಚು ಉಜ್ಜಿ ನುಣುಪು ಮಾಡಿರಲಿ. ಒಂದು ಕೋಳಿಗೆ 8ರಿಂದ 10 ಇಂಚು ಜಾಗ. ಕೋಲು ಮೊಟ್ಟೆಯ ಪೆಟ್ಟಿಗೆಗಿಂತ ಎತ್ತರದಲ್ಲಿರಬೇಕು, ಏಕೆಂದರೆ ಕೋಳಿ ಗೂಡಿನ ಅತಿ ಎತ್ತರದ ಜಾಗದಲ್ಲೇ ಮಲಗುತ್ತದೆ. ಪೆಟ್ಟಿಗೆ ಎತ್ತರವಾಗಿದ್ದರೆ ಅದರಲ್ಲೇ ಮಲಗಿ, ಅದರಲ್ಲೇ ಹಿಕ್ಕೆ ಹಾಕಿ, ಮೊಟ್ಟೆಯನ್ನೂ ಅದರ ಮೇಲೇ ಇಡುತ್ತದೆ. ಕೋಲಿನ ಕೆಳಗೆ ಒಂದು ಹಲಗೆ ಹಾಕಿಡಿ. ರಾತ್ರಿಯ ಹಿಕ್ಕೆಯೆಲ್ಲ ಅದರ ಮೇಲೆ ಬೀಳುತ್ತದೆ, ಬೆಳಗ್ಗೆ ಕರಣೆಯಿಂದ ಎರಡು ನಿಮಿಷದಲ್ಲಿ ಕೆರೆದು ಗೊಬ್ಬರದ ತೊಟ್ಟಿಗೆ ಹಾಕಬಹುದು. ನೆಲದ ಹಾಸು ತಿಂಗಳುಗಟ್ಟಲೆ ಒಣಗಿರಲು ಈ ಹಲಗೆಯಷ್ಟು ನೆರವಾಗುವುದು ಬೇರೊಂದಿಲ್ಲ.

ಮೊಟ್ಟೆಯ ಪೆಟ್ಟಿಗೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಮೂರು ನಾಲ್ಕು ಕೋಳಿಗೆ ಒಂದು ಸಾಕು, ಜಾಗವಿದ್ದರೆ ಎರಡು ಇಡಿ. ಗೂಡಿನ ನೆಲಕ್ಕೆ ಒಣ ಮರದ ಹೊಟ್ಟೋ ಭತ್ತದ ಹೊಟ್ಟೋ 3-4 ಇಂಚು ದಪ್ಪಕ್ಕೆ.

ಒಂದು ಮೂಲೆಯಲ್ಲಿ ಒಣ ಮಣ್ಣು, ಮರಳು, ಸ್ವಲ್ಪ ಸೌದೆ ಬೂದಿ ಬೆರೆಸಿ ಅಗಲವಾದ ತೊಟ್ಟಿಯಲ್ಲಿ ಇಟ್ಟುಬಿಡಿ. ಕೋಳಿ ಅದರಲ್ಲಿ ಮಗ್ಗುಲಾಗಿ ಬಿದ್ದು, ರೆಕ್ಕೆಯಿಂದ ಮಣ್ಣು ತೂರಿಕೊಂಡು, ಕಣ್ಣು ಅರೆಮುಚ್ಚಿ ಹೊರಳಾಡುತ್ತದೆ. ಮೊದಲ ಸಲ ನೋಡಿದವರು ಕೋಳಿಗೆ ಏನೋ ಆಯಿತೆಂದು ಹೆದರುತ್ತಾರೆ. ಅದು ಅದರ ಸ್ನಾನ. ಹೇನು ಉದುರಿಸಿಕೊಳ್ಳುವ ಬಗೆ.

ಯಾವ ತಳಿ, ಯಾವ ವಯಸ್ಸು

ಮೊದಲ ಸಲದವರಿಗೆ ಸಾಧು ಸ್ವಭಾವದ ತಳಿ ಮುಖ್ಯ. ರೋಡ್ ಐಲೆಂಡ್ ರೆಡ್, ಪ್ಲಿಮತ್ ರಾಕ್, ಆಸ್ಟ್ರಲಾರ್ಪ್ ಮೂರೂ ಕಂದು ಮೊಟ್ಟೆ ಇಡುವ, ಮನುಷ್ಯರಿಗೆ ಬೇಗ ಒಗ್ಗುವ ಕೋಳಿಗಳು. 1920ರ ದಶಕದ ಮೊಟ್ಟೆ ಸ್ಪರ್ಧೆಯೊಂದರಲ್ಲಿ ಆಸ್ಟ್ರಲಾರ್ಪ್ ತಳಿಯ ಆರು ಹೇಂಟೆಗಳು 365 ದಿನಗಳಲ್ಲಿ 1857 ಮೊಟ್ಟೆ ಇಟ್ಟಿದ್ದವು. ಲೆಗ್‌ಹಾರ್ನ್ ಕಡಿಮೆ ತಿಂದು ಹೆಚ್ಚು ಬಿಳಿ ಮೊಟ್ಟೆ ಇಡುತ್ತದೆ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಅಂಜುಬುರುಕ, ಹಾರುವುದೂ ಹೆಚ್ಚು. ಸಣ್ಣ ಹಿತ್ತಲಿಗೆ ನನ್ನ ಆಯ್ಕೆ ಅದಲ್ಲ.

ಮರಿ ತರಬೇಕೋ ದೊಡ್ಡದನ್ನು ತರಬೇಕೋ? ಮೊಟ್ಟೆಗೆ ಬರಲು ಇನ್ನೊಂದೆರಡು ತಿಂಗಳಿರುವ, ಸುಮಾರು 16 ವಾರದ ಹೇಂಟೆಗಳನ್ನೇ ತನ್ನಿ ಎಂದು ನಾನು ಹೇಳುತ್ತೇನೆ. ಆ ವಯಸ್ಸಿಗೆ ಹುಂಜ, ಹೇಂಟೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಕಾವು ಕೊಡುವ ತಾಪತ್ರಯ ಇರುವುದಿಲ್ಲ. ಎಲ್ಲವನ್ನೂ ಒಂದೇ ಕಡೆಯಿಂದ, ಒಂದೇ ದಿನ ತನ್ನಿ. ಯಾವ ಲಸಿಕೆ ಆಗಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಕೊಳ್ಳುವಾಗ ಕಣ್ಣು ಹೊಳೆಯುತ್ತಿದೆಯೇ, ಮೂಗಿನಲ್ಲಿ ಸಿಂಬಳವಿಲ್ಲವೇ, ಬಾಲದ ಕೆಳಗಿನ ಗರಿ ಒಣಗಿ ಶುಚಿಯಾಗಿದೆಯೇ, ಕಾಲಿನ ಪದರು ನುಣುಪಾಗಿದೆಯೇ ನೋಡಿ. ಗುಂಪಿನಲ್ಲಿ ಒಂದು ಸೀನುತ್ತಿದ್ದರೂ ಆ ಗುಂಪಿನಿಂದ ಯಾವುದನ್ನೂ ತರಬೇಡಿ.

ಮರಿಯನ್ನೇ ಸಾಕುವ ಆಸೆಯಿದ್ದರೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತಾ ಬನ್ನಿ. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ: ದೀಪದಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಅಂಚಿಗೆ ಹೋಗಿ ಬಾಯಿ ತೆರೆದಿದ್ದರೆ ಸೆಕೆ, ಎಲ್ಲೆಡೆ ಹರಡಿಕೊಂಡು ಚಿಲಿಪಿಲಿ ಎನ್ನುತ್ತಿದ್ದರೆ ಸರಿಯಾಗಿದೆ. ನೀರಿನ ತಟ್ಟೆಯಲ್ಲಿ ಗೋಲಿಯೋ ಸಣ್ಣ ಕಲ್ಲೋ ಹಾಕಿಡಿ, ಮರಿ ಮುಳುಗುವುದಿಲ್ಲ.

ಮೊದಲ ವಾರ

ಸಂಜೆ ಕತ್ತಲಾಗುವ ಹೊತ್ತಿಗೆ ತಂದು ನೇರವಾಗಿ ಕೋಲಿನ ಮೇಲೆ ಕೂರಿಸಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಕೂರಿಸಿದಲ್ಲೇ ಕೂತು ನಿದ್ದೆ ಹೋಗುತ್ತದೆ. ಮೊದಲ ಎರಡು ಮೂರು ದಿನ ಗೂಡಿನೊಳಗೇ ಇರಲಿ, ಆಮೇಲೆ ಅಂಗಳಕ್ಕೆ ಬಿಡಿ. ಹೀಗೆ ಮಾಡಿದರೆ ಮನೆ ಯಾವುದೆಂದು ಅವುಗಳ ತಲೆಯಲ್ಲಿ ಕೂರುತ್ತದೆ, ಮುಂದೆ ಸಂಜೆಯಾದೊಡನೆ ತಾವಾಗಿಯೇ ಒಳಗೆ ಬರುತ್ತವೆ.

ಕುಕ್ಕಾಟ ನಡೆಯುತ್ತದೆ, ಗಾಬರಿಯಾಗಬೇಡಿ. ಯಾರು ಮೊದಲು ತಿನ್ನಬೇಕು, ಯಾರು ಎಲ್ಲಿ ಕೂರಬೇಕು ಎಂಬ ಪಟ್ಟಿಯನ್ನು ಅವು ಕುಕ್ಕಿಕುಕ್ಕಿಯೇ ನಿರ್ಧರಿಸಿಕೊಳ್ಳುತ್ತವೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೈಫ್ ಶೆಲ್ಡರಪ್-ಎಬ್ಬೆ ಇದನ್ನು ಅಧ್ಯಯನ ಮಾಡಿ 1921ರಲ್ಲಿ ವಿವರಿಸಿದ. ರಕ್ತ ಬಂದರೆ ಮಾತ್ರ ಮಧ್ಯೆ ಹೋಗಬೇಕು: ಕೆಂಪು ಕಂಡರೆ ಉಳಿದವೆಲ್ಲ ಅಲ್ಲಿಗೇ ಕುಕ್ಕುತ್ತವೆ. ಗಾಯಗೊಂಡದ್ದನ್ನು ಕೂಡಲೇ ಬೇರೆ ಇಡಿ, ಆದರೆ ಉಳಿದವಕ್ಕೆ ಕಾಣುವಂತೆ ಇಡಿ. ಕಣ್ಮರೆಯಾದರೆ ವಾಪಸ್ಸು ಸೇರಿಸುವಾಗ ಮತ್ತೆ ಮೊದಲಿನಿಂದ ಜಗಳ.

ಆಹಾರ ಮತ್ತು ನೀರು

ವಯಸ್ಸಿಗೆ ತಕ್ಕ ಫೀಡ್, ಅಂದರೆ ಸಿದ್ಧ ಕೋಳಿ ಆಹಾರ, ಕೊಡಿ. ಮರಿಗೆ 18-20 ಪ್ರತಿಶತ ಪ್ರೋಟೀನ್ ಇರುವ ಸ್ಟಾರ್ಟರ್, ಬೆಳೆಯುವಾಗ ಗ್ರೋವರ್, ಮೊಟ್ಟೆಗೆ ಬಂದ ಮೇಲೆ 16-18 ಪ್ರತಿಶತ ಪ್ರೋಟೀನ್ ಮತ್ತು 3.5-4 ಪ್ರತಿಶತ ಕ್ಯಾಲ್ಸಿಯಂ ಇರುವ ಲೇಯರ್ ಫೀಡ್. ಲೇಯರ್ ಫೀಡನ್ನು ಮರಿಗಳಿಗೆ ಕೊಡಬಾರದು, ಅಷ್ಟು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ದೊಡ್ಡ ಕೋಳಿ ದಿನಕ್ಕೆ ಸುಮಾರು 110-120 ಗ್ರಾಂ ತಿನ್ನುತ್ತದೆ.

ಅಡುಗೆಮನೆಯ ತರಕಾರಿ ಸಿಪ್ಪೆ, ಸೊಪ್ಪು, ಕಾಳು ಕೊಡಬಹುದು, ಆದರೆ ಅದು ಒಟ್ಟು ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ. ಬರೀ ಅನ್ನ, ಬರೀ ಜೋಳ ತಿಂದ ಕೋಳಿ ಕೊಬ್ಬುತ್ತದೆ, ಮೊಟ್ಟೆ ಕಡಿಮೆ ಮಾಡುತ್ತದೆ. ಬೆಣ್ಣೆಹಣ್ಣು, ಚಾಕೊಲೇಟ್, ಹಸಿರು ತಿರುಗಿದ ಆಲೂಗಡ್ಡೆ, ಬೇಯಿಸದ ಒಣ ಹುರುಳಿಕಾಯಿ ಬೀಜ, ಉಪ್ಪು ಹೆಚ್ಚಿರುವುದು ಬೇಡ. ಬೂಸ್ಟು ಹಿಡಿದದ್ದು ಒಂದು ಹಿಡಿಯೂ ಬೇಡ. ನಾವು ತಿನ್ನಲು ಹೆದರುವುದನ್ನು ಕೋಳಿಗೆ ಹಾಕಿ ಖಾಲಿ ಮಾಡುವ ಅಭ್ಯಾಸ ಕೋಳಿಗಳನ್ನು ಕೊಲ್ಲುತ್ತದೆ.

ಕೋಳಿಗೆ ಹಲ್ಲಿಲ್ಲ, ಹೊಟ್ಟೆಯೊಳಗಿನ ಸಣ್ಣ ಕಲ್ಲುಗಳೇ ಕಾಳನ್ನು ಅರೆಯುತ್ತವೆ. ಅಂಗಳ ಸಿಮೆಂಟಿನದಾಗಿದ್ದರೆ ದಪ್ಪ ಮರಳು ಒಂದು ಬಟ್ಟಲಲ್ಲಿ ಇಡಿ. ಇನ್ನೊಂದು ಬಟ್ಟಲಲ್ಲಿ ಕ್ಯಾಲ್ಸಿಯಂಗಾಗಿ ಪುಡಿ ಮಾಡಿದ ಕಪ್ಪೆಚಿಪ್ಪು ಇಡಿ. ಅದನ್ನು ಫೀಡಿಗೆ ಬೆರೆಸಬೇಡಿ. ಬೇಕಾದ ಕೋಳಿ ಬೇಕಾದಷ್ಟು ತಾನೇ ತಿನ್ನುತ್ತದೆ.

ನೀರು ಆಹಾರಕ್ಕಿಂತ ಮುಖ್ಯ. ಸಾಧಾರಣ ದಿನ ಒಂದು ಕೋಳಿಗೆ ಕಾಲು ಲೀಟರ್, ಬಿಸಿಲಲ್ಲಿ ಅದರ ಎರಡು ಪಟ್ಟು. ಬೇಸಗೆಯಲ್ಲಿ ಕೆಲವೇ ಗಂಟೆ ನೀರಿಲ್ಲದಿದ್ದರೂ ಮೊಟ್ಟೆ ದಿನಗಟ್ಟಲೆ ನಿಂತುಹೋಗಬಹುದು. ಪಾತ್ರೆಯನ್ನು ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಡಿ, ಕೆದರಿದ ಹೊಟ್ಟು ಅದಕ್ಕೆ ಬೀಳುವುದಿಲ್ಲ, ನೀರೂ ಚೆಲ್ಲುವುದಿಲ್ಲ. ನೀರನ್ನು ಗೂಡಿನೊಳಗೆ ಇಡದೆ ಅಂಗಳದಲ್ಲೇ ಇಟ್ಟರೆ ಒಳಗಿನ ಹಾಸು ಒಣಗಿರುತ್ತದೆ.

ಇಲಿ ಹೆಗ್ಗಣ ಬರುವುದು ಕೋಳಿಗಲ್ಲ, ಚೆಲ್ಲಿದ ಫೀಡಿಗೆ. ಚೀಲವನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಿ, ಸಂಜೆ ಪಾತ್ರೆ ಎತ್ತಿಡಿ.

ದಿನಕ್ಕೆ ಇಪ್ಪತ್ತು ನಿಮಿಷ

ಬೆಳಗ್ಗೆ ಬಾಗಿಲು ತೆಗೆಯುವುದು, ಹಲಗೆ ಕೆರೆಯುವುದು, ನೀರು ಬದಲಿಸುವುದು, ಫೀಡ್ ಹಾಕುವುದು. ಮಧ್ಯಾಹ್ನದೊಳಗೆ ಮೊಟ್ಟೆ ತೆಗೆಯುವುದು. ಸಂಜೆ ಎಣಿಸಿ ಬಾಗಿಲು ಹಾಕುವುದು. ಕೆಲಸ ಇಷ್ಟೇ, ಆದರೆ ಸಂಜೆಯ ಹೊತ್ತನ್ನು ಅವಸರದಲ್ಲಿ ಮುಗಿಸಬೇಡಿ.

ಕೋಲಿನ ಮೇಲೆ ಕೂತ ಕೋಳಿಯ ಎದೆಯ ಬಲಭಾಗದಲ್ಲಿ, ಕುತ್ತಿಗೆಯ ಬುಡದಲ್ಲಿ ಮೆಲ್ಲಗೆ ಬೆರಳಾಡಿಸಿ. ತಿಂದದ್ದು ಮೊದಲು ಬಂದು ನಿಲ್ಲುವ ಚೀಲ ಅಲ್ಲಿದೆ. ಸಂಜೆ ಅದು ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದಾಗಿಯೋ ತುಂಬಿರಬೇಕು, ಬೆಳಗ್ಗೆ ಖಾಲಿಯಾಗಿರಬೇಕು. ಸಂಜೆ ಖಾಲಿ ಇದ್ದರೆ ಆ ಕೋಳಿ ಆ ದಿನ ತಿಂದಿಲ್ಲ. ಬೆಳಗ್ಗೆಯೂ ಗಟ್ಟಿಯಾಗಿ ತುಂಬಿದ್ದರೆ ಅಥವಾ ನೀರಿನ ಚೀಲದಂತೆ ಜೋತು ಬಾಯಿಂದ ಹುಳಿ ವಾಸನೆ ಬರುತ್ತಿದ್ದರೆ ಅಲ್ಲೇ ಕಟ್ಟಿಕೊಂಡಿದೆ, ವೈದ್ಯರಿಗೆ ತೋರಿಸಿ. ಈ ಒಂದು ಬೆರಳಿನ ಪರೀಕ್ಷೆಯಿಂದ ಕಾಯಿಲೆ ಎರಡು ದಿನ ಮೊದಲೇ ನನಗೆ ಗೊತ್ತಾಗಿರುವುದುಂಟು.

ಬಿಸಿಲು

ಕೋಳಿಗೆ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದರೆ ಅದಕ್ಕೆ ಸೆಕೆಯಾಗಿದೆ. ನೆರಳು, ಗಾಳಿ, ತಣ್ಣೀರು ಕೊಡಿ. ಕಾಲು ಮುಳುಗುವಷ್ಟು ನೀರಿನ ತಟ್ಟೆಯನ್ನು ಅಂಗಳದ ಒಂದು ಬದಿಯಲ್ಲಿ ಇಡಿ. ಕುಸಿದು ಬಿದ್ದರೆ ಮಂಜುಗಡ್ಡೆಯ ನೀರಿಗೆ ಅದ್ದಬೇಡಿ, ಸಾಧಾರಣ ತಣ್ಣೀರಿನಲ್ಲಿ ಕಾಲು ಮತ್ತು ಹೊಟ್ಟೆಯ ಭಾಗ ನೆನೆಸಿ ನೆರಳಲ್ಲಿ ಬಿಡಿ.

ಕಾಯಿಲೆ

ಕೋಳಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಗುಂಪಿನಲ್ಲಿ ಬಲಹೀನವಾಗಿ ಕಂಡರೆ ಉಳಿದವು ಕುಕ್ಕುತ್ತವೆ. ಆದ್ದರಿಂದ ಕಣ್ಣಿಗೆ ಕಾಣುವಷ್ಟು ಮಂಕಾಗಿದೆ ಎಂದರೆ ಆಗಲೇ ತಡವಾಗಿದೆ ಎಂದು ತಿಳಿಯಿರಿ. ಗರಿ ಉಬ್ಬಿಸಿ ಮೂಲೆಯಲ್ಲಿ ಕೂತಿರುವುದು, ಬಾಲ ಇಳಿಬಿಟ್ಟಿರುವುದು, ಜುಟ್ಟು ಬಿಳಚಿರುವುದು ಅಥವಾ ನೀಲಿಯಾಗಿರುವುದು, ಉಸಿರಿನಲ್ಲಿ ಗೊರಗೊರ ಸದ್ದು, ಹಿಕ್ಕೆಯಲ್ಲಿ ರಕ್ತ: ಇವು ಕಂಡರೆ ಬೇರೆ ಇಟ್ಟು ಪಶುವೈದ್ಯರನ್ನು ಕೇಳಿ. ಎಂಟು ಹತ್ತು ಸಲ ಹಿಕ್ಕೆ ಹಾಕಿದಾಗ ಒಮ್ಮೆ ಬರುವ ಕಂದು ಬಣ್ಣದ, ಅಂಟಂಟಾದ, ನಾತದ ಹಿಕ್ಕೆ ಮಾತ್ರ ಕಾಯಿಲೆಯಲ್ಲ, ಸಹಜ.

ಕೊಕ್ಕರೆ ರೋಗ (ರಾಣಿಖೇತ್), ಕೋಳಿ ಸಿಡುಬು, ನರಗಳಿಗೆ ತಗುಲಿ ಕಾಲು ಸೋಲಿಸುವ ಮಾರೆಕ್ಸ್ ರೋಗಗಳಿಗೆ ಲಸಿಕೆ ಇದೆ. ನಿಮ್ಮ ಕಡೆ ಯಾವುದು, ಯಾವಾಗ ಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳುವುದನ್ನು ಮರೆಯಬೇಡಿ. ಕಾರಣವಿಲ್ಲದೆ ಒಟ್ಟಿಗೆ ಕೋಳಿಗಳು ಸತ್ತರೆ ಹಕ್ಕಿಜ್ವರದ ಅನುಮಾನವಿರಲಿ: ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸಿ.

ಕೆಂಪು ಹೇನಿನಂಥ ಸೂಕ್ಷ್ಮ ಉಣ್ಣಿಯೊಂದಿದೆ. ಹಗಲು ಗೂಡಿನ ಬಿರುಕಿನಲ್ಲಿ ಅಡಗಿರುತ್ತದೆ, ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲು ಕೋಳಿಯ ಮೈಯಲ್ಲಿ ಎಷ್ಟು ಹುಡುಕಿದರೂ ಸಿಗದು. ಕತ್ತಲಾದ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿಭಾಗ ಒರೆಸಿ ನೋಡಿ, ಕೆಂಪು ಗೆರೆ ಮೂಡಿದರೆ ಇದೆ ಎಂದರ್ಥ. ಆಗ ಕೋಳಿಗಿಂತ ಹೆಚ್ಚಾಗಿ ಗೂಡಿಗೆ ಚಿಕಿತ್ಸೆ ಬೇಕು. ಹಾಸೆಲ್ಲ ತೆಗೆದು, ಬಿರುಕು ಬಿರುಕಿಗೂ ಕುದಿಯುವ ನೀರು ಹಾಕಿ, ಒಣಗಿಸಿ, ವಾರ ಬಿಟ್ಟು ಮತ್ತೆ ಅದನ್ನೇ ಮಾಡಬೇಕು.

ಮಕ್ಕಳಿಗೆ ಕೋಳಿ ಎತ್ತಿಕೊಳ್ಳುವ ಆಸೆ. ಎತ್ತಿಕೊಳ್ಳಲಿ, ಆದರೆ ಮುತ್ತು ಕೊಡುವುದು ಬೇಡ, ಆಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಆರೋಗ್ಯವಾಗಿ ಕಾಣುವ ಕೋಳಿಯಲ್ಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಮೊಟ್ಟೆ

ಐದರಿಂದ ಆರು ತಿಂಗಳಿಗೆ ಮೊದಲ ಮೊಟ್ಟೆ. ಜುಟ್ಟು ಕೆಂಪೇರುತ್ತದೆ, ನೀವು ಬೆನ್ನ ಮೇಲೆ ಕೈಯಿಟ್ಟರೆ ರೆಕ್ಕೆ ಅಗಲಿಸಿ ತಗ್ಗಿ ಕೂರುತ್ತದೆ. ಪೆಟ್ಟಿಗೆಯಲ್ಲಿ ಒಂದು ಮರದ ಮೊಟ್ಟೆಯನ್ನೋ ಪಿಂಗ್‌ಪಾಂಗ್ ಚೆಂಡನ್ನೋ ಇಟ್ಟರೆ ಎಲ್ಲಿ ಇಡಬೇಕೆಂದು ಕಲಿಯುತ್ತದೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ. ಹಾಗಾಗಿ ಮೊಟ್ಟೆಯ ಹೊತ್ತು ದಿನದಿನವೂ ಮುಂದೆ ಹೋಗಿ, ಕೊನೆಗೆ ಒಂದು ದಿನ ಬಿಡುವು ಬರುತ್ತದೆ.

ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇದೆ, ರೋಗಾಣು ಒಳಹೋಗದಂತೆ ತಡೆಯುತ್ತದೆ. ಶುಚಿಯಾದ ಮೊಟ್ಟೆಯನ್ನು ತೊಳೆಯದೆ ಇಡಿ. ಕೊಳೆಯಾಗಿದ್ದರೆ ಮೊಟ್ಟೆಗಿಂತ ಬೆಚ್ಚಗಿರುವ ನೀರಿನಲ್ಲಿ ತೊಳೆದು ಬೇಗ ಬಳಸಿ; ತಣ್ಣೀರಿನಲ್ಲಿ ತೊಳೆದರೆ ಕೊಳೆ ರಂಧ್ರಗಳ ಮೂಲಕ ಒಳಗೆ ಹೀರಿಕೊಳ್ಳುತ್ತದೆ.

ಹಗಲು ಕಡಿಮೆಯಾಗುವ ಕಾಲದಲ್ಲಿ ಮೊಟ್ಟೆ ಇಳಿಯುತ್ತದೆ, ಏಕೆಂದರೆ ಪೂರ್ತಿ ಇಡಲು ದಿನಕ್ಕೆ 14-16 ಗಂಟೆ ಬೆಳಕು ಬೇಕು. ವರ್ಷಕ್ಕೊಮ್ಮೆ ಹಳೇ ಗರಿ ಉದುರಿಸಿ ಹೊಸತು ಬೆಳೆಸುವಾಗ ಎರಡು ಮೂರು ತಿಂಗಳು ಮೊಟ್ಟೆ ಪೂರ್ತಿ ನಿಲ್ಲುವುದೂ ಉಂಟು. ದೀಪ ಹಾಕಿ ಇಡಿಸಬಹುದು, ನಾನು ಹಾಕುವುದಿಲ್ಲ. ಅದರ ಮೈಗೆ ಆ ವಿಶ್ರಾಂತಿ ಬೇಕು.

ಒಂದು ಹೇಂಟೆ ಪೆಟ್ಟಿಗೆ ಬಿಟ್ಟು ಏಳದೆ, ಮುಟ್ಟಲು ಹೋದರೆ ಗರಿ ಕೆದರಿ ಗುರ್ ಎಂದರೆ ಅದು ಕಾವಿಗೆ ಕೂತಿದೆ. ಹುಂಜವಿಲ್ಲದ ಮನೆಯಲ್ಲಿ ಎಷ್ಟು ದಿನ ಕೂತರೂ ಮರಿಯಾಗದು, ತಿನ್ನದೆ ಸೊರಗುತ್ತದೆ. ತಳಕ್ಕೆ ಜಾಲರಿ ಇರುವ, ಕೆಳಗಿನಿಂದ ಗಾಳಿಯಾಡುವ ಪಂಜರದಲ್ಲಿ ಮೂರು ನಾಲ್ಕು ದಿನ ನೀರು ಆಹಾರ ಕೊಟ್ಟು ಇಡಿ, ಹೊಟ್ಟೆ ತಣ್ಣಗಾದರೆ ಕಾವು ಬಿಡುತ್ತದೆ.

ಗೊಬ್ಬರ, ಆಮೇಲೆ ವಯಸ್ಸಾದ ಕೋಳಿ

ಹಸಿ ಹಿಕ್ಕೆಯಲ್ಲಿ ಸಾರಜನಕ ಬಹಳ, ನೇರವಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಒಣ ಎಲೆ, ಹೊಟ್ಟಿನ ಜೊತೆ ಪದರ ಪದರವಾಗಿ ಹಾಕಿ, ಆಗಾಗ ಮಗುಚಿ, ಕೆಲವು ತಿಂಗಳು ಕೊಳೆಸಿ. ಮಣ್ಣಿನ ವಾಸನೆ ಬಂದ ಮೇಲೆ ಬಳಸಿ. ಹಲಗೆ ಕೆರೆದದ್ದನ್ನು ಹಾಕಿದಾಗಲೆಲ್ಲ ಮೇಲೊಂದು ಬುಟ್ಟಿ ಒಣ ಎಲೆ ಮುಚ್ಚಿದರೆ ನೊಣ ಬರುವುದಿಲ್ಲ.

ಎರಡನೇ ವರ್ಷದಿಂದ ಮೊಟ್ಟೆ ವರ್ಷವರ್ಷವೂ ಕಡಿಮೆಯಾಗುತ್ತಾ ಹೋಗುತ್ತದೆ, ಆದರೆ ಚೆನ್ನಾಗಿ ನೋಡಿಕೊಂಡ ಕೋಳಿ ಐದರಿಂದ ಎಂಟು ವರ್ಷ ಬದುಕುತ್ತದೆ. ಮೊಟ್ಟೆ ನಿಂತ ಮೇಲೆ ಅವನ್ನು ಸಾಕುತ್ತೀರೋ, ಮಾಂಸಕ್ಕೆ ಬಳಸುತ್ತೀರೋ, ಯಾರಿಗಾದರೂ ಕೊಡುತ್ತೀರೋ ಎಂಬುದನ್ನು ಮೊದಲ ಕೋಳಿ ತರುವ ಮುಂಚೆಯೇ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಸಾಕುವುದಾದರೆ ಹೊಸ ಕೋಳಿಗಳಿಗೆ ಜಾಗ ಬೇಕು, ಆದ್ದರಿಂದ ಗೂಡನ್ನು ಆರು ಕೋಳಿಗೆ ಆಗುವಷ್ಟು ಕಟ್ಟಿಸಿ ನಾಲ್ಕರಿಂದ ಶುರುಮಾಡಿ. ಆಗ ಹೊಸದಾಗಿ ತರುವಾಗಲೂ ಒಂದೇ ಸಲ ಎರಡು ತನ್ನಿ, 30 ದಿನ ಬೇರೆ ಕಡೆ ಇಡಿ, ಆಮೇಲೆ ಒಂದು ವಾರ ಜಾಲರಿಯ ಆಚೆ ಈಚೆ ಇಟ್ಟು ಪರಿಚಯ ಮಾಡಿಸಿ, ಕೊನೆಗೆ ಒಂದು ರಾತ್ರಿ ಹಳೆಯವು ನಿದ್ದೆ ಹೋದ ಮೇಲೆ ಅದೇ ಕೋಲಿನ ತುದಿಯಲ್ಲಿ ಕೂರಿಸಿಬಿಡಿ.